ಹಳೆಯ ಯೆಜ್ಡಿಯ ಸೀಜ್ ಆದ ಪಿಸ್ಟನ್ ಬಿಡಿಸುವುದು ಹೇಗೆ?

ಶೆಡ್ಡಿನ ಮೂಲೆಯಲ್ಲೋ ಹಿತ್ತಲಿನ ಚಪ್ಪರದಡಿಯಲ್ಲೋ ವರ್ಷಗಟ್ಟಲೆ ನಿಂತ ಯೆಜ್ಡಿಯನ್ನು ಮತ್ತೆ ಓಡಿಸಬೇಕೆಂದು ಹೊರಗೆಳೆದವರಿಗೆ ಮೊದಲು ಎದುರಾಗುವ ತೊಡಕು ಸಾಮಾನ್ಯವಾಗಿ ಇದೇ: ಕಿಕ್ಕರ್ ಕೆಳಗಿಳಿಯುವುದೇ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಅಲ್ಲಿಂದ ಹೊರಬಂದ ಕೊನೆಯ ಬೈಕಿಗೂ ಈಗ ಮೂವತ್ತರ ಆಸುಪಾಸಿನ ಪ್ರಾಯ. ಎಂಜಿನ್ ಸೀಜ್ ಆಗಿರುವುದು ಅಚ್ಚರಿಯಲ್ಲ, ಹತಾಶರಾಗಬೇಕಾದ ಸಂಗತಿಯೂ ಅಲ್ಲ. ಇಂಥ ಎಂಜಿನ್‌ಗಳನ್ನು ನಿಜವಾಗಿ ಹಾಳುಮಾಡುವುದು ಬಹುಪಾಲು ತುಕ್ಕಲ್ಲ, ತುಕ್ಕು ಬಿಡಿಸುವ ಆತುರ. ಪಿಸ್ಟನ್ ಮತ್ತು ರಿಂಗ್ ಸವೆದು ಬದಲಾಗಲೆಂದೇ ಇರುವ ಭಾಗಗಳು. ಕ್ರ್ಯಾಂಕ್‌ಶಾಫ್ಟು, ಕ್ರ್ಯಾಂಕ್‌ಕೇಸು ಹಾಗಲ್ಲ. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳು ಒಂದಕ್ಕೊಂದು ಕೂಡಿಸಿ ಕೊರೆದ ಜೋಡಿ; ನಿಮ್ಮ ಆರ್‌ಸಿಯಲ್ಲಿ ನಮೂದಾದ ಎಂಜಿನ್ ನಂಬರ್ ಇರುವುದೂ ಅದರ ಮೇಲೆಯೇ. ಅದು ಒಡೆದರೆ ಬಿಡಿಭಾಗ ಹುಡುಕುವ ಕಷ್ಟದ ಜೊತೆಗೆ ಆರ್‌ಟಿಒ ಕಚೇರಿಯ ಅಲೆದಾಟವೂ ಶುರುವಾಗುತ್ತದೆ. ಆದ್ದರಿಂದ ಈ ಕೆಲಸದ ಉದ್ದಕ್ಕೂ ಒಂದು ಲೆಕ್ಕ ಮನಸ್ಸಿನಲ್ಲಿರಲಿ: ಏನಾದರೂ ಹೋಗಲೇಬೇಕಾದರೆ ಮೊದಲು ರಿಂಗು, ಆಮೇಲೆ ಪಿಸ್ಟನ್, ತೀರಾ ಅನಿವಾರ್ಯವಾದರೆ ಸಿಲಿಂಡರ್. ಕ್ರ್ಯಾಂಕಿಗೂ ಕೇಸಿಗೂ ಏಟು ತಾಗುವಂಥ ಯಾವ ಉಪಾಯವೂ ಬೇಡ.

ಮೊದಲು ಕಾರಣ ಗುರುತಿಸಿ

ಎಂಜಿನ್ ಸೀಜ್ ಆಗುವುದು ಎರಡು ಬಗೆಯಲ್ಲಿ. ಓಡುತ್ತಿರುವಾಗಲೇ ಸೀಜ್ ಆಗುವುದು ಒಂದು. ಪೆಟ್ರೋಲಿಗೆ ಬೆರೆಸಿದ ಎಣ್ಣೆ ಸಾಲದೆಯೋ, ಸಿಲಿಂಡರಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿಯೋ ಪಿಸ್ಟನ್ ಅತಿಯಾಗಿ ಕಾದು ಉಬ್ಬುತ್ತದೆ, ಅದರ ಅಲ್ಯೂಮಿನಿಯಂ ಸಿಲಿಂಡರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಇಂಥದ್ದು ತಣ್ಣಗಾದಾಗ ಎಷ್ಟೋ ಸಲ ತಾನಾಗಿಯೇ ಬಿಡುತ್ತದೆ. ನಿಂತಲ್ಲೇ ಸೀಜ್ ಆಗುವುದು ಇನ್ನೊಂದು. ವರ್ಷಗಟ್ಟಲೆ ನಿಂತ ಬೈಕಿನದು ಬಹುಮಟ್ಟಿಗೆ ಇದೇ. ಅಲ್ಯೂಮಿನಿಯಂ ಪಿಸ್ಟನ್ನಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ತುಕ್ಕು ಹಿಡಿಯುವುದು ಕಬ್ಬಿಣದ ರಿಂಗಿಗೆ ಮತ್ತು ಬೀಡು ಕಬ್ಬಿಣದ ಸಿಲಿಂಡರಿಗೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಕೂದಲೆಳೆಯಷ್ಟು ಸಂದಿನಲ್ಲಿ ಅದು ಬೆಳೆದಾಗ ರಿಂಗು ಗೋಡೆಗೆ ಬೆಣೆ ಹೊಡೆದಂತೆ ಬಿಗಿಯುತ್ತದೆ. ಅಂದರೆ ನೀವು ಸೆಣಸಬೇಕಾದದ್ದು ಇಡೀ ಪಿಸ್ಟನ್ನಿನ ಜೊತೆಗಲ್ಲ, ರಿಂಗಿನ ಸುತ್ತ ಕುಳಿತ ತುಕ್ಕಿನ ತೆಳು ಪಟ್ಟಿಯ ಜೊತೆಗೆ. ಬಲ ಆ ಪಟ್ಟಿಯ ಮೇಲೆ ಬೀಳುವ ಮೊದಲು ಪಿಸ್ಟನ್, ಕನೆಕ್ಟಿಂಗ್ ರಾಡ್, ಬೇರಿಂಗ್ ಎಲ್ಲವನ್ನೂ ಹಾದು ಹೋಗಬೇಕು. ಎಣ್ಣೆ ನೇರವಾಗಿ ಅಲ್ಲಿಗೇ ಇಳಿಯುತ್ತದೆ. ತಾಳ್ಮೆಯ ದಾರಿ ಬಲದ ದಾರಿಗಿಂತ ಮೇಲೆನ್ನುವುದಕ್ಕೆ ಮೊದಲ ಆಧಾರ ಇದು.

ಪಿಸ್ಟನ್ನೇ ಸೀಜ್ ಆಗಿದೆ ಎಂದು ತೀರ್ಮಾನಿಸುವ ಮೊದಲು ಉಳಿದ ಸಾಧ್ಯತೆಗಳನ್ನೂ ಪರೀಕ್ಷಿಸಿ. ಜಾವಾ, ಯೆಜ್ಡಿಗಳಲ್ಲಿ ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್. ಆ ಜೋಡಣೆಯೇ ಒಳಗೆ ತುಕ್ಕು ಹಿಡಿದಿದ್ದರೆ ಎಂಜಿನ್ ಸರಿಯಿದ್ದರೂ ಲಿವರ್ ಕದಲುವುದಿಲ್ಲ. ಕ್ರ್ಯಾಂಕಿನ ಬೇರಿಂಗ್‌ಗಳೂ ಬಿಗಿದಿರಬಹುದು. ಟು-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸಿನೊಳಗೆ ಎಣ್ಣೆಯ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನ ಜೊತೆ ಬಂದ ಎಣ್ಣೆಯ ಪಸೆಯಷ್ಟೇ ಬೇರಿಂಗ್‌ಗಳಿಗೆ ರಕ್ಷಣೆ. ಅದು ಒಣಗಿ, ಮಳೆಗಾಲದ ತೇವ ಒಳಸೇರಿದರೆ ಪಿಸ್ಟನ್ ಸಲೀಸಾಗಿದ್ದರೂ ಕ್ರ್ಯಾಂಕ್ ತಿರುಗದು. ಪಿಸ್ಟನ್ನಿನ ಮೇಲೆ ಎಷ್ಟು ಎಣ್ಣೆ ಸುರಿದರೂ ಇಂಥ ದೋಷ ಹೋಗುವುದಿಲ್ಲ.

ಎಣ್ಣೆ ಮತ್ತು ಶಾಖ ಹೇಗೆ ಕೆಲಸ ಮಾಡುತ್ತವೆ?

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವ ಹಾಗೆ, ತುಕ್ಕಿನ ಸೂಕ್ಷ್ಮ ರಂಧ್ರಗಳೂ ತೆಳುವಾದ ದ್ರವವನ್ನು ತಾವಾಗಿಯೇ ಒಳಗೆ ಸೆಳೆದುಕೊಳ್ಳುತ್ತವೆ. ದಪ್ಪನೆಯ ಎಂಜಿನ್ ಆಯಿಲ್ ಮೇಲೆಯೇ ನಿಲ್ಲುತ್ತದೆ. ಡೀಸೆಲ್, ಸೀಮೆಎಣ್ಣೆ, ಅಂಗಡಿಯಲ್ಲಿ ಸಿಗುವ ಪೆನೆಟ್ರೇಟಿಂಗ್ ಆಯಿಲ್ ಒಳಗಿಳಿಯುತ್ತವೆ. ಪವರ್ ಸ್ಟಿಯರಿಂಗ್‌ಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಭಾಗ ಬೆರೆಸಿ ಬಳಸುವುದೂ ರೂಢಿಯಲ್ಲಿದೆ. ಅಸಿಟೋನ್ ಎಣ್ಣೆಯನ್ನು ತೆಳುಮಾಡಿ ಸಂದಿಗೆ ಮುಟ್ಟಿಸಿ ತಾನು ಆವಿಯಾಗುತ್ತದೆ, ಎಣ್ಣೆ ಅಲ್ಲೇ ಉಳಿಯುತ್ತದೆ. ಈ ಎರಡೂ ಬೇಗ ಬೇರ್ಪಡುವುದರಿಂದ ಪ್ರತಿ ಸಲವೂ ಕುಲುಕಿ ಸುರಿಯಬೇಕು. ಯಾವ ಎಣ್ಣೆ ಶ್ರೇಷ್ಠ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಎಣ್ಣೆಯ ಹೆಸರಿಗಿಂತ ಅದಕ್ಕೆ ಕೊಡುವ ಸಮಯ ದೊಡ್ಡದು.

ಶಾಖದ ವಿಚಾರದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಕಾಯಿಸಿದರೆ ಸಡಿಲವಾಗುತ್ತದೆ ಎಂಬ ಮಾತು ಇಲ್ಲಿ ಅರ್ಧ ಮಾತ್ರ ಸರಿ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಅಲ್ಯೂಮಿನಿಯಂ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ, ಬೀಡು ಕಬ್ಬಿಣ ಸುಮಾರು 11 ಪಾಲು. ಯೆಜ್ಡಿ 250ರ ಬೋರು 65 ಮಿ.ಮೀ. ಪಿಸ್ಟನ್ ಮತ್ತು ಸಿಲಿಂಡರ್ ಎರಡನ್ನೂ ನೂರು ಡಿಗ್ರಿ ಏರಿಸಿದರೆ ಪಿಸ್ಟನ್ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರಿನ ಬೋರು ಸುಮಾರು 0.07 ಮಿ.ಮೀ. ಅಷ್ಟೇ. ಇಂಥ ಎಂಜಿನ್‌ನಲ್ಲಿ ಪಿಸ್ಟನ್ ಮತ್ತು ಗೋಡೆಯ ನಡುವೆ ಬಿಡುವ ಸಂದೂ ಹೆಚ್ಚುಕಡಿಮೆ ಈ ವ್ಯತ್ಯಾಸದಷ್ಟೇ ಇರುತ್ತದೆ. ಅಂದರೆ ಎಂಜಿನ್ನನ್ನು ನಿಧಾನವಾಗಿ, ಎಲ್ಲ ಕಡೆ ಸಮನಾಗಿ ಕಾಯಿಸಿದರೆ ಪಿಸ್ಟನ್ ಇನ್ನಷ್ಟು ಬಿಗಿಯುತ್ತದೆ. ಶಾಖದಿಂದ ಉಪಯೋಗ ಸಿಗುವುದು ಎರಡು ರೀತಿಯಲ್ಲಿ. ಸಿಲಿಂಡರನ್ನು ಹೊರಗಿನಿಂದ ಬೇಗ ಕಾಯಿಸಿದಾಗ ಪಿಸ್ಟನ್ನಿಗೆ ಬಿಸಿ ತಲುಪುವ ಮೊದಲೇ ಗೋಡೆ ಹೊರಕ್ಕೆ ಸರಿಯುತ್ತದೆ. ಆಮೇಲೆ ತಣಿಯುವಾಗ ಪಿಸ್ಟನ್ ಗೋಡೆಗಿಂತ ಹೆಚ್ಚು ಕುಗ್ಗುತ್ತದೆ. ಹೀಗೆ ಕಾದು ತಣಿಯುವಾಗ ಎರಡು ಲೋಹಗಳು ಬೇರೆಬೇರೆ ಪ್ರಮಾಣದಲ್ಲಿ ಸರಿದು ತುಕ್ಕಿನ ಪಟ್ಟಿ ಬಿರುಕು ಬಿಡುತ್ತದೆ, ಎಣ್ಣೆ ಆ ಬಿರುಕಿನಲ್ಲಿ ಇಳಿಯುತ್ತದೆ. ಆದ್ದರಿಂದ ಒಮ್ಮೆ ಕೆಂಪಗೆ ಕಾಯಿಸುವುದಕ್ಕಿಂತ ಹಲವು ಸಲ ಹದವಾಗಿ ಕಾಯಿಸಿ ತಣಿಸುವುದು ಫಲ ಕೊಡುತ್ತದೆ.

ಕೆಲಸದ ಹಂತಗಳು

1. ಬೈಕನ್ನು ಗಾಳಿಯಾಡುವ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿ ದೂರವಿಡಿ. ಗೇರು ನ್ಯೂಟ್ರಲ್‌ನಲ್ಲಿರಲಿ. ಪ್ಲಗ್, ಸೈಲೆನ್ಸರ್ ಪೈಪು, ಕಾರ್ಬ್ಯುರೇಟರ್ ಕಳಚಿ. ಸಿಲಿಂಡರಿನ ರೆಕ್ಕೆಗಳಿಗೆ ಅಯಸ್ಕಾಂತ ಹಚ್ಚಿ ನೋಡಿ. ಅಂಟಿಕೊಂಡರೆ ಸಿಲಿಂಡರ್ ಬೀಡು ಕಬ್ಬಿಣದ್ದು, ಮೇಲಿನ ಲೆಕ್ಕ ಅದಕ್ಕೆ ಹೊಂದುತ್ತದೆ.

2. ಪಿಸ್ಟನ್ ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳಿ. ಪ್ಲಗ್ಗಿನ ತೂತಿನಲ್ಲಿ ಟಾರ್ಚ್ ಹಾಕಿ ನೋಡಿ, ತೆಳುವಾದ ಮರದ ಕಡ್ಡಿ ಇಳಿಸಿ ಆಳ ಅಳೆಯಿರಿ, ಎಕ್ಸಾಸ್ಟ್ ಕಿಂಡಿಯಲ್ಲೂ ಇಣುಕಿ. ಪಿಸ್ಟನ್ ಮೇಲಿದ್ದರೆ ಕಿಂಡಿಗಳು ಮುಚ್ಚಿರುತ್ತವೆ, ಎಣ್ಣೆ ಅದರ ತಲೆಯ ಮೇಲೆ ನಿಲ್ಲುತ್ತದೆ. ಕೆಳಗಿದ್ದರೆ ಎಕ್ಸಾಸ್ಟ್ ಕಿಂಡಿ ತೆರೆದಿರುವುದರಿಂದ ಸುರಿದ ಎಣ್ಣೆ ಹೊರಗೆ ಹರಿದು ಹೋಗುತ್ತದೆ, ಮೇಲಿನ ಗೋಡೆಯೂ ತುಕ್ಕು ಹಿಡಿದಿರುತ್ತದೆ. ಮುಂದಿನ ಎಲ್ಲ ತೀರ್ಮಾನಗಳಿಗೂ ಈ ಒಂದು ಮಾಹಿತಿ ಬೇಕು.

3. ಪಿಸ್ಟನ್ ಮೇಲಿದ್ದರೆ ಪ್ಲಗ್ಗಿನ ತೂತಿನಿಂದ ಎಣ್ಣೆ ತುಂಬಿ, ಮಟ್ಟ ಎಲ್ಲಿದೆ ಎಂದು ಕಡ್ಡಿಯ ಮೇಲೆ ಗುರುತು ಮಾಡಿಕೊಳ್ಳಿ. ಕೆಳಗಿದ್ದರೆ ಹೆಡ್ ಬಿಚ್ಚಿ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್ನಿನ ಅಂಚಿನ ಸುತ್ತ ಒತ್ತಿಟ್ಟು ಒಣಗದಂತೆ ನೋಡಿಕೊಳ್ಳಿ. ಕಾರ್ಬ್ಯುರೇಟರ್ ಕಡೆಯ ಕಿಂಡಿಯಿಂದಲೂ ಸ್ವಲ್ಪ ಎಣ್ಣೆ ಬಿಡಿ; ಪಿಸ್ಟನ್ನಿನ ಕೆಳಭಾಗಕ್ಕೂ ಬೇರಿಂಗ್‌ಗಳಿಗೂ ಅದು ಬೇಕು.

4. ಕಾಯಿರಿ. ಎಷ್ಟು ದಿನ ಎಂಬುದಕ್ಕೆ ಕ್ಯಾಲೆಂಡರಿಗಿಂತ ಎಣ್ಣೆಯ ಮಟ್ಟ ಒಳ್ಳೆಯ ಸಾಕ್ಷಿ. ಡೀಸೆಲ್ಲಿನಂತೆ ಬೇಗ ಆವಿಯಾಗದ ಎಣ್ಣೆ ಇಳಿಯುತ್ತಿದ್ದರೆ ರಿಂಗನ್ನು ದಾಟಿ ದಾರಿ ಆಗುತ್ತಿದೆ ಎಂದು ಅರ್ಥ; ಮತ್ತೆ ತುಂಬಿ, ಮುಂದುವರಿಸಿ. ಒಂದು ವಾರ ಕಳೆದರೂ ಮಟ್ಟ ಕದಲದಿದ್ದರೆ ಶಾಖದ ಸಹಾಯ ಬೇಕು.

5. ಶಾಖ ಕೊಡುವ ಮೊದಲು ಒಳಗಿನ ದ್ರವವನ್ನೆಲ್ಲ ಹೀರಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಆವಿ ಪೂರ್ತಿ ಹೋಗುವವರೆಗೆ ತೆರೆದಿಡಿ. ಅಸಿಟೋನ್ ಬಳಸಿದ್ದರೆ ಒಂದು ದಿನವಾದರೂ ಬಿಡಿ. ಆಮೇಲೆ ಹಾಟ್ ಏರ್ ಗನ್ನಿನಿಂದ ಸಿಲಿಂಡರಿನ ಸುತ್ತ ಸಮನಾಗಿ ಕಾಯಿಸಿ. ರೆಕ್ಕೆಯ ಮೇಲೆ ಬಿದ್ದ ನೀರಿನ ಹನಿ ಚುರ್ರೆನ್ನುವಷ್ಟು ಬಿಸಿ ಸಾಕು. ತಣಿದು ಕೈಯಿಟ್ಟು ತಡೆಯುವ ಹದಕ್ಕೆ ಬಂದ ಮೇಲೆ, ಸುಲಭವಾಗಿ ಹೊತ್ತಿಕೊಳ್ಳದ ತೆಳು ಎಣ್ಣೆಯನ್ನು ಸುರಿಯಿರಿ. ಹೀಗೆ ನಾಲ್ಕಾರು ಸಲ ಮಾಡಿ.

6. ಈಗ ಮೆಲ್ಲಗೆ ಅಲ್ಲಾಡಿಸಿ ನೋಡಿ. ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತೂಗಿ. ಮೇಲಿನ ಗೇರಿನಲ್ಲಿ ಚಕ್ರದ ಬಲದ ಹೆಚ್ಚು ಪಾಲು ಕ್ರ್ಯಾಂಕಿಗೆ ಸೇರುತ್ತದೆ. ಅತಿಯಾದರೆ ಕ್ಲಚ್ ಜಾರಿ ಉಳಿದ ಭಾಗಗಳನ್ನು ಕಾಯುತ್ತದೆ. ಎಳ್ಳಷ್ಟು ಕದಲಿದರೂ ಗೆದ್ದಂತೆ. ಆದರೆ ಅಲ್ಲಿಂದ ಒಂದೇ ಏಟಿಗೆ ಪೂರ್ತಿ ಸುತ್ತು ತಿರುಗಿಸಲು ಹೋಗಬೇಡಿ. ಪಿಸ್ಟನ್ ಮುಂದೆ ಸಾಗಬೇಕಾದ ಗೋಡೆಯ ತುಕ್ಕನ್ನು ಮೊದಲು ಎಣ್ಣೆ ಹಚ್ಚಿದ ನಯವಾದ ಎಮರಿ ಪೇಪರಿನಿಂದ ತೆಗೆದು, ಪುಡಿಯನ್ನು ಒರೆಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಆಡಿಸಿ ದಾರಿ ಬೆಳೆಸಿ.

7. ಇಷ್ಟಕ್ಕೂ ಜಗ್ಗದಿದ್ದರೆ, ಪಿಸ್ಟನ್ನನ್ನು ತಳ್ಳುವ ಬದಲು ಸಿಲಿಂಡರನ್ನೇ ಎತ್ತಿ. ಹೆಡ್ ತೆಗೆದು ಸಿಲಿಂಡರ್ ಹಿಡಿದ ನಟ್‌ಗಳನ್ನು ಬಿಚ್ಚಿದರೆ, ಕ್ರ್ಯಾಂಕನ್ನು ಮೇಲ್ಮುಖವಾಗಿ ತಿರುಗಿಸಿದಾಗ ಪಿಸ್ಟನ್ನು ಸಿಲಿಂಡರನ್ನು ಹೊತ್ತುಕೊಂಡೇ ಏರುತ್ತದೆ. ಸಿಲಿಂಡರ್ ಮತ್ತು ಕೇಸಿನ ನಡುವೆ ತೆರೆದ ಜಾಗದಲ್ಲಿ ಎರಡೂ ಬದಿಗೆ ಸಮದಪ್ಪದ ಗಟ್ಟಿ ಮರದ ತುಂಡು ಕೊಟ್ಟು, ಕ್ರ್ಯಾಂಕನ್ನು ಮೆಲ್ಲಗೆ ಕೆಳಮುಖವಾಗಿ ತಿರುಗಿಸಿದರೆ ರಾಡು ಪಿಸ್ಟನ್ನನ್ನು ನೇರವಾಗಿ ಕೆಳಗೆಳೆಯುತ್ತದೆ. ಪಿಸ್ಟನ್ ಪಿನ್ ಕೈಗೆಟುಕುವಷ್ಟು ಹೊರಬಂದರೆ ಇನ್ನೂ ಒಳ್ಳೆಯದು. ಲಾಕ್ ತೆಗೆದು ಪಿನ್ ಹೊರಗೆಳೆದು, ಸಿಲಿಂಡರನ್ನು ಪಿಸ್ಟನ್ ಸಮೇತ ಬಿಡಿಸಿ ವರ್ಕ್‌ಶಾಪಿನ ಹೈಡ್ರಾಲಿಕ್ ಪ್ರೆಸ್‌ಗೆ ಒಯ್ಯಿರಿ. ಅಲ್ಲಿ ಪಿಸ್ಟನ್ ಒಡೆದರೂ ಕ್ರ್ಯಾಂಕಿಗೆ ಏನೂ ಆಗದು.

ಎಚ್ಚರಿಕೆಗಳು

ಅಸಿಟೋನ್, ಪೆಟ್ರೋಲ್, ಥಿನ್ನರ್ ಇರುವ ಕಡೆ ಬೀಡಿ, ಸ್ಟವ್, ಗ್ಯಾಸ್ ಟಾರ್ಚ್ ಯಾವುದೂ ಇರಬಾರದು. ಸಿಲಿಂಡರ್ ಒಳಗೆ ಉಳಿದ ಆವಿಗೆ ಪ್ಲಗ್ಗಿನ ಕಿಡಿಯೂ ಸಾಕು; ಪ್ಲಗ್ಗಿನ ವೈರನ್ನು ದೂರ ಕಟ್ಟಿಡಿ. ಪ್ಲಗ್ಗಿನ ತೂತಿಗೆ ಕಂಪ್ರೆಸರ್ ಗಾಳಿ ಕೊಟ್ಟು ಪಿಸ್ಟನ್ ನೂಕುವ ಪ್ರಯತ್ನ ಬೇಡ. ಒತ್ತಿಹಿಡಿದ ಗಾಳಿ ಬಿಡುಗಡೆಯಾದ ಕ್ಷಣದಲ್ಲಿ ಪಿಸ್ಟನ್ನೋ ಸಿಲಿಂಡರೋ ಗುಂಡಿನಂತೆ ಸಿಡಿಯಬಹುದು. ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿ ಒತ್ತುವುದು ಗಾಳಿಯಷ್ಟು ಅಪಾಯಕಾರಿಯಲ್ಲ, ಕಿಂಡಿಗಳೆಲ್ಲ ಮುಚ್ಚಿದ್ದರೆ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಲೆಕ್ಕ ತಿಳಿದಿರಲಿ: 65 ಮಿ.ಮೀ. ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 33 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ ನೂರು ಕಿಲೋ ಒತ್ತಡ ಕೊಟ್ಟರೂ ಮೂರು ಟನ್ನಿಗಿಂತ ಹೆಚ್ಚು ಭಾರ ಬೀಳುತ್ತದೆ. ಪಿಸ್ಟನ್ ತುತ್ತತುದಿಯಲ್ಲಿ ನಿಂತಿದ್ದರೆ ಅಷ್ಟೂ ಭಾರ ರಾಡಿನ ಮೂಲಕ ನೇರ ಬೇರಿಂಗಿಗೆ ಇಳಿಯುತ್ತದೆ, ಕ್ರ್ಯಾಂಕ್ ಮಾತ್ರ ಇನಿತೂ ತಿರುಗುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಪಿಸ್ಟನ್ನಿನ ತಲೆಗೆ ಸುತ್ತಿಗೆ ಹಾಕುವುದು. ಪಿಸ್ಟನ್ ಮೇಲ್ತುದಿ ಅಥವಾ ಕೆಳತುದಿಯಲ್ಲಿದ್ದಾಗ ರಾಡು ನೆಟ್ಟಗೆ ನಿಂತಿರುತ್ತದೆ. ಏಟು ಕ್ರ್ಯಾಂಕನ್ನು ತಿರುಗಿಸುವುದಿಲ್ಲ, ಬೇರಿಂಗನ್ನು ಜಜ್ಜುತ್ತದೆ. ನಡುವಿನಲ್ಲಿದ್ದರೆ ಮಾತ್ರ, ಅದೂ ಬೋರಿಗೆ ಹೊಂದುವ ಮರದ ದುಂಡು ತುಂಡಿಟ್ಟು ಮೆಲ್ಲಗೆ ತಟ್ಟಬಹುದು. ಇಲ್ಲಿ ತಟ್ಟುವುದು ಕಂಪನಕ್ಕಾಗಿ.

2. ಕಿಕ್ಕರ್ ಮೇಲೆ ನಿಂತು ಜಿಗಿಯುವುದು. ಕಿಕ್ಕರಿನ ಹಲ್ಲುಗಳು ಸಲೀಸಾದ ಎಂಜಿನ್ನನ್ನು ತಿರುಗಿಸಲು ಇರುವಂಥವು. ಅವು ಮುರಿದರೆ ಒಂದು ದುರಸ್ತಿಗೆ ಇನ್ನೊಂದು ದುರಸ್ತಿ ಸೇರುತ್ತದೆ.

3. ಡೈನಮೋದ ನಡುವಿನ ಬೋಲ್ಟಿಗೆ ಉದ್ದ ಪೈಪು ಹಾಕಿದ ಪಾನ ಸಿಕ್ಕಿಸಿ ಎಳೆಯುವುದು. ಆ ಬೋಲ್ಟು ಡೈನಮೋ ಹಿಡಿದಿಡಲು ಇದೆ, ಸೀಜ್ ಆದ ಎಂಜಿನ್ ತಿರುಗಿಸಲು ಅಲ್ಲ.

4. ಸಿಲಿಂಡರನ್ನು ಎಡಕ್ಕೂ ಬಲಕ್ಕೂ ತಿರುಚಿ ಎತ್ತುವುದು. ಟು-ಸ್ಟ್ರೋಕ್ ಪಿಸ್ಟನ್ನಿನಲ್ಲಿ ರಿಂಗು ಸುತ್ತದಂತೆ ತಡೆಯುವ ಸಣ್ಣ ಪಿನ್ನುಗಳಿರುತ್ತವೆ. ತಿರುಚಿದರೆ ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ನೇರಕ್ಕೆ ಮೇಲಕ್ಕೆತ್ತಿ.

5. ಆಸಿಡ್, ಕಾಸ್ಟಿಕ್ ಸೋಡಾ, ತಂಪು ಪಾನೀಯ ಸುರಿಯುವುದು. ಕಾಸ್ಟಿಕ್ ಸೋಡಾ ತುಕ್ಕನ್ನು ಬಿಟ್ಟು ಅಲ್ಯೂಮಿನಿಯಂ ತಿನ್ನುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಎರಡು ಲೋಹವನ್ನೂ ತಿನ್ನುತ್ತದೆ. ಕೋಲಾದಲ್ಲಿ ಒಂದಿಷ್ಟು ಫಾಸ್ಫಾರಿಕ್ ಆಸಿಡ್ ಇರುವುದು ನಿಜ, ಉಳಿದದ್ದು ನೀರು ಮತ್ತು ಸಕ್ಕರೆ. ನೀರಿನಿಂದಾದ ರೋಗಕ್ಕೆ ಮತ್ತೆ ನೀರೇ ಮದ್ದಾಗದು.

ಕೆಲವು ಆಕ್ಷೇಪಗಳು

“ಇಷ್ಟು ದಿನ ಕಾಯುವುದೇಕೆ? ಗೇರಿಗೆ ಹಾಕಿ ಇನ್ನೊಂದು ಗಾಡಿಗೆ ಕಟ್ಟಿ ಎಳೆದರೆ ಐದು ನಿಮಿಷದಲ್ಲಿ ಬಿಡುತ್ತದೆ” ಎನ್ನುವವರಿದ್ದಾರೆ. ಕೆಲವೊಮ್ಮೆ ಬಿಡುತ್ತದೆ ಎಂಬುದು ನಿಜ. ಆದರೆ ಬಿಡುವುದು ಏನು, ಹೇಗೆ ಎಂದು ನೋಡಬೇಕು. ಈ ಎಂಜಿನ್‌ನ ಕ್ರ್ಯಾಂಕ್ ಒಂದೇ ಲೋಹದ ತುಂಡಲ್ಲ. ಎರಡು ಚಕ್ರಗಳ ನಡುವೆ ಪಿನ್ನನ್ನು ಬಿಗಿಯಾಗಿ ಒತ್ತಿ ಕೂರಿಸಿದ್ದು. ಹಠಾತ್ ಎಳೆತಕ್ಕೆ ಆ ಪಿನ್ನಿನ ಸುತ್ತ ಒಂದು ಚಕ್ರ ಕೂದಲೆಳೆ ತಿರುಚಿಕೊಂಡರೂ ಕ್ರ್ಯಾಂಕ್ ನೇರ ತಪ್ಪುತ್ತದೆ. ಎಂಜಿನ್ ಶುರುವಾಗುತ್ತದೆ, ಆದರೆ ನಡುಗುತ್ತದೆ. ಕೆಲವೇ ದಿನಗಳಲ್ಲಿ ಬೇರಿಂಗ್ ಮತ್ತು ಸೀಲ್ ಸೋಲುತ್ತವೆ. ಜೊತೆಗೆ ಒಡೆದ ತುಕ್ಕಿನ ಹರಳು ಗೋಡೆಯನ್ನು ಗೀರುತ್ತದೆ, ಅಂಟಿದ್ದ ರಿಂಗು ಚೂರಾಗಿ ಕಿಂಡಿಗೆ ಬೀಳುತ್ತದೆ. ಉಳಿಸಿದ ಕೆಲವು ದಿನಕ್ಕೆ ತೆತ್ತ ಬೆಲೆ ಒಂದು ಕ್ರ್ಯಾಂಕ್ ಎಂದಾದರೆ ಅದನ್ನು ಲಾಭ ಎನ್ನಲಾಗದು.

“ಹೊಸ ಪಿಸ್ಟನ್ ಕಿಟ್ ಸಿಗುವಾಗ ಹಳೆಯದನ್ನು ಇಷ್ಟು ಮುದ್ದು ಮಾಡುವುದೇಕೆ?” ಎಂಬ ಪ್ರಶ್ನೆಯಲ್ಲಿ ತಿರುಳಿದೆ. ಹಳೆಯ ಪಿಸ್ಟನ್ ಉಳಿಯಬೇಕೆಂಬ ಹಟ ಬೇಕಿಲ್ಲ. ಎಣ್ಣೆ, ಶಾಖ, ಪ್ರೆಸ್ ಮೂರೂ ಸೋತರೆ ಪಿಸ್ಟನ್ನನ್ನು ಕೊರೆದು ತುಂಡು ಮಾಡಿ ತೆಗೆಯುವುದೇ ಸರಿ. ತಾಳ್ಮೆ ಬೇಕಿರುವುದು ಆ ಪಿಸ್ಟನ್ನಿಗೆ ಅಂಟಿಕೊಂಡ ರಾಡು, ಕ್ರ್ಯಾಂಕ್, ಕೇಸುಗಳಿಗಾಗಿ. ಪಿಸ್ಟನ್ನನ್ನು ಬಲಿಕೊಡುವುದಾದರೂ ಅವನ್ನು ಬೇರ್ಪಡಿಸಿದ ಮೇಲೆ ಕೊಡಿ.

“ಬಿಟ್ಟಿತಲ್ಲ, ಕಿಕ್ ಹೊಡೆದು ನೋಡೋಣ” ಎಂಬ ಆಸೆ ಎಲ್ಲಕ್ಕಿಂತ ಬಲವಾದದ್ದು, ಎಲ್ಲಕ್ಕಿಂತ ದುಬಾರಿಯಾದದ್ದು. ತಿರುಗುವ ಎಂಜಿನ್ ಎಂದರೆ ಓಡಲು ಸಿದ್ಧವಾದ ಎಂಜಿನ್ ಅಲ್ಲ. ಗೋಡೆಯಲ್ಲಿ ತುಕ್ಕು ತಿಂದ ಗುಳಿಗಳಿರುತ್ತವೆ, ರಿಂಗು ತನ್ನ ತೋಡಿನಲ್ಲೇ ಸಿಕ್ಕಿಕೊಂಡಿರುತ್ತದೆ, ಕ್ರ್ಯಾಂಕ್‌ಕೇಸಿನ ತಳದಲ್ಲಿ ತುಕ್ಕಿನ ಕೆಸರು ಕೂತಿರುತ್ತದೆ.

ಪಿಸ್ಟನ್ ಬಿಟ್ಟ ಮೇಲೆ

ಸಿಲಿಂಡರ್ ಕಳಚಿ ಗೋಡೆಯ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಗುವ ಗುಳಿಗಳಿದ್ದರೆ ಬೋರ್ ಮಾಡಿಸುವುದು ಅನಿವಾರ್ಯ. ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ ಕಾಲು ಮಿ.ಮೀ.ನ ಏರಿಕೆಯಲ್ಲಿ ಬರುತ್ತವೆ. ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನೇ ಬೋರಿಂಗ್ ಮಾಡುವವರ ಕೈಗಿತ್ತು ಅದಕ್ಕೆ ತಕ್ಕಂತೆ ಕೊರೆಸಿ. ಹೊಸ ರಿಂಗನ್ನು ಬೋರಿನೊಳಗೆ ನೇರವಾಗಿ ಕೂರಿಸಿ ತುದಿಗಳ ಸಂದು ಅಳೆಯಿರಿ. ಈ ಅಳತೆಯ ಬೋರಿಗೆ 0.25 ಮಿ.ಮೀ. ಆಸುಪಾಸು ಇರಬೇಕು. ಕ್ರ್ಯಾಂಕ್‌ಕೇಸನ್ನು ಡೀಸೆಲ್ಲಿನಿಂದ ತೊಳೆದು, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ಕಿವಿಗೊಡಿ. ಗರಗರ ಸದ್ದು ಬಂದರೆ ಕೇಸ್ ಬಿಚ್ಚಿ ಬೇರಿಂಗ್ ಬದಲಿಸಲೇಬೇಕು. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳನ್ನು ನೋಡುವುದೂ ಬೇಡ, ಬದಲಿಸಿಬಿಡಿ. ವರ್ಷಗಟ್ಟಲೆ ನಿಂತ ರಬ್ಬರ್ ಗಟ್ಟಿಯಾಗಿ ಗಾಳಿ ಬಿಡುತ್ತದೆ, ಆ ಗಾಳಿ ಮಿಶ್ರಣವನ್ನು ತೆಳುಮಾಡುತ್ತದೆ, ತೆಳು ಮಿಶ್ರಣ ಎಂಜಿನ್ನನ್ನು ಕಾಯಿಸಿ ಮತ್ತೆ ಸೀಜ್ ಮಾಡುತ್ತದೆ. ಈ ಸಲ ಆಗುವುದು ಓಡುವಾಗಿನ ಸೀಜ್.

ದುರಸ್ತಿ ಮುಗಿದ ಗಾಡಿಯನ್ನು ಮುಂದೆ ತಿಂಗಳುಗಟ್ಟಲೆ ನಿಲ್ಲಿಸಬೇಕಾಗಿ ಬಂದರೆ, ಅದರಲ್ಲೂ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ, ಪ್ಲಗ್ಗಿನ ತೂತಿನಿಂದ ಎರಡು ಚಮಚ ಟು-ಸ್ಟ್ರೋಕ್ ಆಯಿಲ್ ಹಾಕಿ, ಮೆಲ್ಲಗೆ ಕಿಕ್ ತಿರುಗಿಸಿ ಪಸರಿಸಿ, ಎಕ್ಸಾಸ್ಟ್ ಕಿಂಡಿ ಮುಚ್ಚುವ ಜಾಗದಲ್ಲಿ ಪಿಸ್ಟನ್ ನಿಲ್ಲಿಸಿ. ಸೈಲೆನ್ಸರಿನ ಬಾಯಿಗೂ ಕಾರ್ಬ್ಯುರೇಟರಿನ ಬಾಯಿಗೂ ಎಣ್ಣೆ ಬಟ್ಟೆ ತುರುಕಿ, ತೆಗೆಯಲು ಮರೆಯದಂತೆ ಹ್ಯಾಂಡಲ್ಲಿಗೆ ಚೀಟಿ ಕಟ್ಟಿ. ತಿಂಗಳಿಗೊಮ್ಮೆ ಬಟ್ಟೆ ತೆಗೆದು ನಾಲ್ಕು ಸುತ್ತು ತಿರುಗಿಸಿ, ಮತ್ತೆ ಮುಚ್ಚಿ. ತುಕ್ಕು ಹಿಡಿಯಲು ಬೇಕಾದ ಗಾಳಿ ಮತ್ತು ತೇವ ಎರಡಕ್ಕೂ ಹೀಗೆ ದಾರಿ ಕಟ್ಟುವುದು ಕೆಲವೇ ನಿಮಿಷದ ಕೆಲಸ. ಮೈಸೂರಿನಲ್ಲಿ ಇಂಥ ಕ್ರ್ಯಾಂಕ್‌ಕೇಸು ಎರಕವಾಗುವುದು ನಿಂತು ದಶಕಗಳಾದವು. ಇರುವುದನ್ನು ಒಡೆಯದೆ ಬಿಡಿಸುವ, ಬಿಡಿಸಿದ್ದನ್ನು ಮತ್ತೆ ಸೀಜ್ ಆಗದಂತೆ ಕಾಯುವ ಹೊಣೆ ಈಗ ಅದನ್ನು ಇಟ್ಟುಕೊಂಡವರದೇ.